100, 198, 243, 225, 369: ಬೆಂಗಳೂರಿನ ಪಾಲಿಕೆ ಚುನಾವಣೆ ಎಲ್ಲಿ ಸಿಕ್ಕಿಕೊಂಡಿತು?

ಬೆಂಗಳೂರಿನವರು ಕೊನೆಯ ಸಲ ಕಾರ್ಪೊರೇಟರ್‌ಗೆ ವೋಟು ಹಾಕಿದ್ದು 2015ರ ಆಗಸ್ಟ್ 22ರಂದು, ಒಂದು ಶನಿವಾರ. ಅವತ್ತು ಗೆದ್ದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ 2025 ಕಳೆಯುವವರೆಗೂ ಇನ್ನೊಂದು ಪಾಲಿಕೆ ಚುನಾವಣೆ ಬರಲಿಲ್ಲ. 2015ರಲ್ಲಿ 17 ವರ್ಷದವಳಾಗಿದ್ದ ಹುಡುಗಿಗೆ 2025ಕ್ಕೆ 27. ಈ ಹತ್ತು ವರ್ಷದಲ್ಲಿ ಅವಳು ಎರಡು ಸಲ ಲೋಕಸಭೆಗೆ, ಎರಡು ಸಲ ವಿಧಾನಸಭೆಗೆ ವೋಟು ಹಾಕಿರಬಹುದು. ತನ್ನ ಬೀದಿಯ ಮೋರಿ ಕಟ್ಟಿಕೊಂಡರೆ ಹೋಗಿ ಕೇಳಬೇಕಾದವರನ್ನು ಆರಿಸುವ ಅವಕಾಶ ಮಾತ್ರ ಒಂದು ಸಲವೂ ಸಿಗಲಿಲ್ಲ.

ಯಾಕೆ ಹೀಗೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, 'ಕೋರ್ಟಲ್ಲಿ ಕೇಸಿದೆ' ಅಂತ. ಸುಳ್ಳೇನಲ್ಲ. ಆದರೆ ಕೇಸು ಯಾಕೆ ಹುಟ್ಟಿತು ಎಂದು ನೋಡಲು ಹೋದರೆ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತೇವೆ. ಅದು ವಾರ್ಡ್‌ಗಳ ಲೆಕ್ಕ. ಒಂದು ಸಲ ಬಿಟ್ಟರೆ, ಚುನಾವಣೆ ಹತ್ತಿರ ಬಂದಾಗಲೆಲ್ಲ ಈ ನಗರದ ವಾರ್ಡ್ ಸಂಖ್ಯೆ ಬದಲಾಗಿದೆ. ಆ ಸಂಖ್ಯೆಗಳನ್ನೇ ಹಿಡಿದು ಹೊರಟರೆ ಕಥೆ ಬೇಗ ಅರ್ಥವಾಗುತ್ತದೆ.

ಹಳೆಯದನ್ನು ಎರಡು ಮಾತಲ್ಲಿ ಮುಗಿಸೋಣ. 1862ರಲ್ಲಿ ಬೆಂಗಳೂರಿಗೆ ಮುನಿಸಿಪಾಲಿಟಿ ಬಂತು. ಪೇಟೆಗೊಂದು, ದಂಡಿಗೊಂದು ಬೇರೆ ಬೇರೆಯಾಗಿ ನಡೆಯುತ್ತಿದ್ದವು. 1949ರಲ್ಲಿ ಎರಡನ್ನೂ ಸೇರಿಸಿ ಕಾರ್ಪೊರೇಷನ್ ಮಾಡಿದರು. ಊರು ಬೆಳೆದಂತೆ ವಾರ್ಡುಗಳೂ ಬೆಳೆದು 1990ರ ದಶಕದ ನಡುವೆ 100ಕ್ಕೆ ಬಂದು ನಿಂತವು.

ಅದೇ ದಶಕದಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂತು. 1993ರ ಜೂನ್ 1ರಿಂದ ಅದು ಜಾರಿಯಲ್ಲಿದೆ. ನಗರಸಭೆ, ಪಾಲಿಕೆಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು 243-ಯು ವಿಧಿ ನೇರವಾಗಿ ಹೇಳುತ್ತದೆ. ಚುನಾವಣೆ ನಡೆಸಲು ಪ್ರತಿ ರಾಜ್ಯಕ್ಕೂ ರಾಜ್ಯ ಚುನಾವಣಾ ಆಯೋಗ ಬಂತು. ಕಾಗದದ ಮೇಲೆ ಇಷ್ಟು ಬಿಗಿ ಇರುವಾಗ ತಪ್ಪಿಸಿಕೊಳ್ಳುವುದು ಹೇಗೆ?

ಒಂದು ಸಂದಿ ಉಳಿದಿತ್ತು. ಚುನಾವಣೆ ನಡೆಸುವುದು ಆಯೋಗ, ಸರಿ. ಆದರೆ ವಾರ್ಡ್‌ಗಳ ಗಡಿ ಎಳೆಯುವುದು ಮತ್ತು ಯಾವ ವಾರ್ಡ್ ಯಾರಿಗೆ ಮೀಸಲು ಎಂದು ಪಟ್ಟಿ ಮಾಡುವುದು ಬೆಂಗಳೂರಿನ ಮಟ್ಟಿಗೆ ರಾಜ್ಯ ಸರ್ಕಾರದ ಕೈಯಲ್ಲೇ ಉಳಿಯಿತು. ಈ ಎರಡೂ ಬರದೆ ಆಯೋಗ ದಿನಾಂಕ ಪ್ರಕಟಿಸುವ ಹಾಗಿಲ್ಲ. ಅಡುಗೆ ಮಾಡುವ ಹೊಣೆ ಒಬ್ಬರದು, ಉಗ್ರಾಣದ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ. ಪಕ್ಕದ ಕೇರಳದಲ್ಲಿ ವಾರ್ಡ್ ವಿಂಗಡಣೆಗೆ ಪ್ರತ್ಯೇಕ ಆಯೋಗವಿದೆ, ರಾಜ್ಯ ಚುನಾವಣಾ ಆಯುಕ್ತರೇ ಅದರ ಅಧ್ಯಕ್ಷರು. ಕೋವಿಡ್ ಕಾಲದಲ್ಲೂ, 2020ರ ಡಿಸೆಂಬರ್‌ನಲ್ಲಿ, ಅಲ್ಲಿ ಸ್ಥಳೀಯ ಚುನಾವಣೆ ನಡೆದುಹೋಯಿತು.

ಬೆಂಗಳೂರಿನಲ್ಲಿ ಈ ಸಂದಿ ಮೊದಲು ಚೆನ್ನಾಗಿ ಕಂಡಿದ್ದು 2006ರಲ್ಲಿ. ಆ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಹಮದಾಬಾದ್ ಪಾಲಿಕೆಯ ಪ್ರಕರಣವೊಂದರಲ್ಲಿ ಖಡಕ್ಕಾಗಿ ಹೇಳಿತ್ತು: ಅವಧಿ ಮುಗಿಯುವ ಮೊದಲು ಚುನಾವಣೆ ಆಗಲೇಬೇಕು, ವಾರ್ಡ್ ವಿಂಗಡಣೆಯಂಥ ಕೆಲಸದ ನೆಪ ಹೇಳಿ ಮುಂದೂಡುವಂತಿಲ್ಲ. ಮರು ತಿಂಗಳೇ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ ಮುಗಿಯಿತು. ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿ ಬಂದರು.

ಕಾರಣ ದೊಡ್ಡದೇ ಇತ್ತು. ಸುತ್ತಲಿನ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಹುಟ್ಟಿತು. ಯಲಹಂಕ, ಬ್ಯಾಟರಾಯನಪುರ, ಮಹದೇವಪುರ, ಕೆ.ಆರ್.ಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿ ನಗರ, ದಾಸರಹಳ್ಳಿ ಎಲ್ಲವೂ ಒಂದೇ ಕಚೇರಿಯ ಕೆಳಗೆ ಬಂದವು. ನಗರದ ವಿಸ್ತೀರ್ಣ 700 ಚದರ ಕಿಲೋಮೀಟರ್ ದಾಟಿತು. 100 ವಾರ್ಡ್ 198 ಆಯಿತು. ಗಡಿ ಎಳೆದು, ಮೀಸಲಾತಿ ಹಂಚಿ, ಕೋರ್ಟು ಕಚೇರಿ ಅಲೆದು ಚುನಾವಣೆ ನಡೆಯುವ ಹೊತ್ತಿಗೆ 2010ರ ಮಾರ್ಚ್ 28 ಬಂದಿತ್ತು. ಮೂರು ವರ್ಷಕ್ಕಿಂತ ಜಾಸ್ತಿ ಕಾಲ ಕೌನ್ಸಿಲ್ ಇಲ್ಲದೆ ಊರು ನಡೆಯಿತು. (ಆಗ ಸೇರಿಸಿಕೊಂಡ 110 ಹಳ್ಳಿಗಳಿಗೆ ಕಾವೇರಿ ನೀರು ತರುವ ಐದನೇ ಹಂತದ ಯೋಜನೆ ಉದ್ಘಾಟನೆ ಆಗಿದ್ದು 2024ರಲ್ಲಿ. ಸೇರಿಸಿಕೊಳ್ಳುವಾಗ ಇದ್ದ ಆತುರ ನೀರು ಕೊಡುವಾಗ ಇರಲಿಲ್ಲ ನೋಡಿ.)

2010ರಲ್ಲಿ ಬಿಜೆಪಿ 111 ವಾರ್ಡ್ ಗೆದ್ದಿತು. ಐದು ವರ್ಷದ ನಂತರ ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರವಿತ್ತು. ಅವಧಿ ಮುಗಿಯುವ ಹೊತ್ತಿಗೆ, 2015ರ ಏಪ್ರಿಲ್‌ನಲ್ಲಿ, ಸರ್ಕಾರ ಕೌನ್ಸಿಲನ್ನು ವಿಸರ್ಜಿಸಿ ಆಡಳಿತಾಧಿಕಾರಿಯನ್ನು ಕೂರಿಸಿತು. ಪಾಲಿಕೆ ತೀರಾ ದೊಡ್ಡದಾಗಿದೆ, ಒಡೆದು ಸಣ್ಣ ಪಾಲಿಕೆಗಳನ್ನು ಮಾಡೋಣ ಎಂಬ ಮಸೂದೆಯೂ ವಿಧಾನಮಂಡಲದಲ್ಲಿ ಪಾಸಾಯಿತು, ಜಾರಿಗೆ ಬರಲಿಲ್ಲ. ಈ ಸಲ ಮಾತ್ರ ಕೋರ್ಟುಗಳು ಬಿಡಲಿಲ್ಲ. ವಾರ್ಡ್ ನಕ್ಷೆಯೂ ಹಳೆಯದೇ ಇತ್ತಲ್ಲ, ಹೊಸದಾಗಿ ಎಳೆಯುವ ಕೆಲಸವಿರಲಿಲ್ಲ. ನಾಲ್ಕೇ ತಿಂಗಳಲ್ಲಿ ಚುನಾವಣೆ ಆಗಿಹೋಯಿತು. ಹಳೆಯ ನಕ್ಷೆ ಇಟ್ಟುಕೊಂಡರೆ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ನಮ್ಮ ಬಳಿ ಇರುವ ಒಂದೇ ಉದಾಹರಣೆ ಇದು.

ಆ ಫಲಿತಾಂಶದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬಿಜೆಪಿಗೆ 198ರಲ್ಲಿ 100 ವಾರ್ಡ್ ಬಂತು, ಕಾಂಗ್ರೆಸ್‌ಗೆ 76, ಜೆಡಿಎಸ್‌ಗೆ 14, ಪಕ್ಷೇತರರು ಮತ್ತು ಇತರರಿಗೆ 8. ಲೆಕ್ಕದ ಪ್ರಕಾರ ಮೇಯರ್ ಬಿಜೆಪಿಯವರಾಗಬೇಕು, ಅಲ್ವಾ? ಆದದ್ದು ಕಾಂಗ್ರೆಸ್‌ನ ಮಂಜುನಾಥ ರೆಡ್ಡಿ. ಮೇಯರ್ ಆಯ್ಕೆಯಲ್ಲಿ ಕಾರ್ಪೊರೇಟರ್‌ಗಳ ಜೊತೆ ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರೂ ವೋಟು ಹಾಕುತ್ತಾರೆ. ಅವರನ್ನೂ ಜೆಡಿಎಸ್‌ನವರನ್ನೂ ಸೇರಿಸಿಕೊಂಡಾಗ ತಕ್ಕಡಿ ಆ ಕಡೆ ವಾಲಿತು. ಮೇಯರ್ ಕುರ್ಚಿಯೂ ವರ್ಷಕ್ಕೊಬ್ಬರದು. ಐದು ವರ್ಷದಲ್ಲಿ ಐದು ಮೇಯರ್‌ಗಳು ಬಂದುಹೋದರು. ಒಂದು ಬಜೆಟ್ ಮಂಡಿಸಿ ಅದರ ಕಾಮಗಾರಿ ಶುರುವಾಗುವಷ್ಟರಲ್ಲಿ ಕುರ್ಚಿ ಖಾಲಿ. ಇಂಥ ಪದವಿಗಾಗಿ ಜನ ಬೀದಿಗಿಳಿದು ಜಗಳ ಮಾಡಲಿಲ್ಲ ಎಂದರೆ ಆಶ್ಚರ್ಯವಿಲ್ಲ. 2010ರಲ್ಲಾಗಲಿ 2015ರಲ್ಲಾಗಲಿ ಅರ್ಧದಷ್ಟು ಮತದಾರರೂ ಬೂತಿಗೆ ಬಂದಿರಲಿಲ್ಲ.

ಈಗ 2020ಕ್ಕೆ ಬರೋಣ. ಆಗ ರಾಜ್ಯದಲ್ಲಿ ಬಿಜೆಪಿ ಸರ್ಕಾರ. 2011ರ ಜನಗಣತಿ ಹಿಡಿದು 198 ವಾರ್ಡ್‌ಗಳ ಹೊಸ ಗಡಿ ಜೂನ್‌ನಲ್ಲೇ ಸಿದ್ಧವಾಗಿತ್ತು. ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದರು. ಅದಾದ ಮೇಲೆ ಕಾನೂನಿಗೆ ತಿದ್ದುಪಡಿ ತಂದು ವಾರ್ಡ್‌ಗಳನ್ನು 243ಕ್ಕೆ ಏರಿಸಿದರು. ಸಿದ್ಧವಾಗಿದ್ದ ನಕ್ಷೆ ಕಸದ ಬುಟ್ಟಿಗೆ ಹೋಯಿತು. ಡಿಸೆಂಬರ್ 4ರಂದು ಹೈಕೋರ್ಟ್, 198 ವಾರ್ಡ್‌ಗಳಿಗೇ ಚುನಾವಣೆ ಮಾಡಿ ಎಂದಿತು. ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯಿತು. ಎರಡೇ ವಾರದಲ್ಲಿ, ಡಿಸೆಂಬರ್ 18ಕ್ಕೆ, ತಡೆ ಸಿಕ್ಕಿತು. ಅದೇ ತಿಂಗಳ 1ನೇ ತಾರೀಖು ಹೈದರಾಬಾದಿನವರು ತಮ್ಮ 150 ವಾರ್ಡ್‌ಗಳಿಗೆ ವೋಟು ಹಾಕಿ ಮುಗಿಸಿದ್ದರು. 2021ರ ಜನವರಿಯಲ್ಲಿ ಬಿಬಿಎಂಪಿಗೇ ಪ್ರತ್ಯೇಕ ಕಾಯ್ದೆ ಜಾರಿಗೆ ಬಂತು. ಅದರಲ್ಲಿ ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಿದ್ದು ಒಳ್ಳೆಯ ಬದಲಾವಣೆಯೇ. ಮೇಯರ್ ಇರಲಿಲ್ಲ, ಅಷ್ಟೇ.

ಇಲ್ಲಿಗೆ ಎರಡನೇ ಬೀಗ ಬಂದು ಬಿತ್ತು, ಮೀಸಲಾತಿಯದು. ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡಬೇಕಾದರೆ ಆಯೋಗ ರಚಿಸಿ, ಅಂಕಿಅಂಶ ಸಂಗ್ರಹಿಸಿ, ಒಟ್ಟು ಮೀಸಲು ಶೇಕಡಾ 50 ದಾಟದಂತೆ ನೋಡಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. 2010ರ ತೀರ್ಪಿನ ತತ್ವವನ್ನು 2021ರಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ಇನ್ನಷ್ಟು ಬಿಗಿ ಮಾಡಿತು. 2022ರ ಮೇ ತಿಂಗಳಲ್ಲಿ ಬೆಂಗಳೂರಿಗೆ ಎಂಟು ವಾರದ ಗಡುವು ಕೊಟ್ಟಿತು. ನಿವೃತ್ತ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ವರದಿ ಕೊಟ್ಟಿತು. ಜುಲೈನಲ್ಲಿ 243 ವಾರ್ಡ್‌ಗಳ ಗಡಿ, ಆಗಸ್ಟ್‌ನಲ್ಲಿ ಮೀಸಲಾತಿ ಪಟ್ಟಿ ಬಂದವು. ಪಟ್ಟಿ ಬಂದಿದ್ದೇ ತಡ, ನಮ್ಮ ವಾರ್ಡನ್ನೇ ಬೇಕೆಂದು ಬದಲಿಸಿದ್ದಾರೆ ಎಂಬ ದೂರುಗಳು ಹೈಕೋರ್ಟ್ ಬಾಗಿಲಿಗೆ ಹೋದವು. ಸೆಪ್ಟೆಂಬರ್ 30ರಂದು ಹೈಕೋರ್ಟ್ ಆ ಪಟ್ಟಿ ರದ್ದು ಮಾಡಿ, ಡಿಸೆಂಬರ್ ಒಳಗೆ ಚುನಾವಣೆ ಮುಗಿಸಿ ಎಂದಿತು. ಡಿಸೆಂಬರ್ ಹೋಯಿತು. 2023ರ ಮೇ ತಿಂಗಳಲ್ಲಿ ಸರ್ಕಾರವೇ ಬದಲಾಯಿತು.

ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆ ಮಾಡಿ ಎಂದು ಕೂಗಿದ್ದ ಕಾಂಗ್ರೆಸ್ ಅಧಿಕಾರಕ್ಕೆ ಬಂತು. ಸೆಪ್ಟೆಂಬರ್ ಹೊತ್ತಿಗೆ 243ರ ನಕ್ಷೆ ಹೋಗಿ 225 ವಾರ್ಡ್‌ಗಳ ನಕ್ಷೆ ಬಂತು. ಈ 225ಕ್ಕೂ ಚುನಾವಣೆ ನಡೆಯಲಿಲ್ಲ. 2024ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ ಬಂತು, 2025ರ ಮೇ 15ರಿಂದ ಕಾಯ್ದೆ ಜಾರಿಯಾಯಿತು. ಸೆಪ್ಟೆಂಬರ್ 2ಕ್ಕೆ ಬಿಬಿಎಂಪಿ ಇತಿಹಾಸ ಸೇರಿತು. ಅದರ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳು, ಮೇಲೊಂದು ಪ್ರಾಧಿಕಾರ. ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಮೊದಲು 368 ವಾರ್ಡ್‌ಗಳ ಕರಡು ಬಂತು, ನವೆಂಬರ್‌ನ ಅಂತಿಮ ಪಟ್ಟಿಯಲ್ಲಿ ಅದು 369 ಆಯಿತು. ಪಶ್ಚಿಮಕ್ಕೆ 112, ಉತ್ತರ ಮತ್ತು ದಕ್ಷಿಣಕ್ಕೆ ತಲಾ 72, ಕೇಂದ್ರಕ್ಕೆ 63, ಪೂರ್ವಕ್ಕೆ 50.

ಪಾಲಿಕೆಯನ್ನು ಒಡೆಯಬೇಕೇ ಬೇಡವೇ ಎಂಬುದು ಬೇರೆ ಚರ್ಚೆ, ಎರಡೂ ಕಡೆ ನ್ಯಾಯವಾದ ಮಾತಿದೆ. ವಾರ್ಡ್ ಜಾಸ್ತಿಯಾದರೆ ಕಾರ್ಪೊರೇಟರ್ ಕೈಗೆ ಸಿಗುತ್ತಾರೆ ಎಂಬುದೂ ನಿಜ. 198 ಇದ್ದಾಗ 2011ರ ಜನಗಣತಿ ಪ್ರಕಾರ ಒಂದು ವಾರ್ಡ್‌ಗೆ ಸರಾಸರಿ 42 ಸಾವಿರ ಜನ ಬರುತ್ತಿದ್ದರು, 369 ಆದರೆ 23 ಸಾವಿರದ ಆಸುಪಾಸು. ನನ್ನ ತಕರಾರು ಸಮಯದ ಬಗ್ಗೆ. ಇಷ್ಟೆಲ್ಲ ಸುಧಾರಣೆ ಕೌನ್ಸಿಲ್ ಕೂತಿರುವ ಐದು ವರ್ಷದಲ್ಲಿ ಯಾರಿಗೂ ಹೊಳೆಯುವುದಿಲ್ಲ, ಅವಧಿ ಮುಗಿಯುವ ಅಂಚಿಗೆ ಬಂದಾಗ ಹೊಳೆಯುತ್ತದೆ. ಬರೀ ನಮ್ಮ ಊರಿನ ರೋಗವೂ ಅಲ್ಲ ಇದು. ಮುಂಬೈ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದಾಗ ಅಲ್ಲೂ 227 ವಾರ್ಡ್ 236 ಆಗಿ, ಸರ್ಕಾರ ಬದಲಾದ ಮೇಲೆ ಮತ್ತೆ 227 ಆಗಿ, ವರ್ಷಗಳು ಉರುಳಿದವು.

ಕೌನ್ಸಿಲ್ ಇಲ್ಲದಾಗ ಊರು ನಿಲ್ಲುವುದಿಲ್ಲ. ಕಸ ಎತ್ತುತ್ತಾರೆ, ಟಾರು ಹಾಕುತ್ತಾರೆ, ಸಾವಿರಾರು ಕೋಟಿ ರೂಪಾಯಿಯ ಬಜೆಟನ್ನು ಅಧಿಕಾರಿಗಳೇ ಓದುತ್ತಾರೆ. ಪ್ರಶ್ನೆ ಕೇಳುವ ಸಭೆ, ಲೆಕ್ಕ ನೋಡುವ ಸ್ಥಾಯಿ ಸಮಿತಿ ಇರುವುದಿಲ್ಲ. ಯಾವ ರಸ್ತೆ ಮೊದಲು, ಯಾವ ಮೋರಿ ಆಮೇಲೆ ಎಂಬುದು ನಗರದ 28 ಶಾಸಕರ ಮಾತಿನ ಮೇಲೆ ನಿಲ್ಲುತ್ತದೆ. ಯಾವ ಪಕ್ಷದ ಶಾಸಕರೇ ಆಗಲಿ, ತಮ್ಮ ಕ್ಷೇತ್ರದಲ್ಲಿ ಏಳೆಂಟು ಕಾರ್ಪೊರೇಟರ್‌ಗಳು ಬೇಗ ಹುಟ್ಟಲಿ ಎಂದು ಹರಕೆ ಹೊರುವುದಿಲ್ಲ. ಅವರಲ್ಲಿ ಒಬ್ಬರು ಮುಂದಿನ ಸಲ ತಮ್ಮ ಟಿಕೆಟ್‌ಗೇ ಕೈ ಹಾಕಬಹುದು.

ಇನ್ನೊಂದು ವಿಷಯ. 2020ರಲ್ಲಿ ಎಳೆದ 198ರ ನಕ್ಷೆ, 243, 225, 369 ಎಲ್ಲಕ್ಕೂ ಆಧಾರ ಒಂದೇ, 2011ರ ಜನಗಣತಿ. ಆಗ ಬಿಬಿಎಂಪಿ ವ್ಯಾಪ್ತಿಯಲ್ಲಿ ಇದ್ದವರು 84 ಲಕ್ಷ ಚಿಲ್ಲರೆ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಡೆ ಅಲ್ಲಿಂದೀಚೆಗೆ ಎದ್ದ ಅಪಾರ್ಟ್‌ಮೆಂಟುಗಳು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಮುಂದಿನ ಜನಗಣತಿಗೆ ಕೇಂದ್ರ ಸರ್ಕಾರ 2027ರ ಮಾರ್ಚ್ 1ನ್ನು ಗೊತ್ತು ಮಾಡಿದೆ. ಹೊಸ ಅಂಕಿ ಕೈಗೆ ಬಂದ ಮೇಲೆ ಈ 369 ಗಡಿಗಳನ್ನೂ ಮತ್ತೆ ಎಳೆಯಿರಿ ಎಂಬ ಬೇಡಿಕೆ ಬರುತ್ತದೆ. ಬೇಡಿಕೆ ನ್ಯಾಯವಾದದ್ದೇ ಆಗಿರುತ್ತದೆ.