ಅಣ್ಣನಿಗೆ ಥೆರಪಿ, ತಂಗಿಗೆ ಬರೀ ಬುದ್ಧಿಮಾತು

"ದೊಡ್ಡವನನ್ನ ಹೆಂಗೋ ನಿಭಾಯಿಸ್ತೀನಿ ಮೇಡಂ, ಈ ಚಿಕ್ಕದ್ದೇ ನನ್ ಕೈಲಿ ಆಗ್ತಿಲ್ಲ." ಮೈಸೂರಿನಲ್ಲಿ ಮಕ್ಕಳ ಬೆಳವಣಿಗೆಯ ಥೆರಪಿ ಮಾಡುವ ನನಗೆ ಪದೇ ಪದೇ ಕಿವಿಗೆ ಬೀಳುವ ಮಾತು ಇದು. ದೊಡ್ಡ ಮಗುವಿಗೆ ಮಾತು, ಬೆರೆಯುವುದು ಕಷ್ಟವಾಗುವ ಆಟಿಸಂ ಇರುತ್ತದೆ, ಇಲ್ಲವೇ ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವ ಸೆರೆಬ್ರಲ್ ಪಾಲ್ಸಿ. ಅವನಿಗೊಂದು ಫೈಲ್ ಇದೆ, ಸೆಷನ್ ಇದೆ, ಹೇಗೆ ನೋಡಿಕೊಳ್ಳಬೇಕು ಅಂತ ಹೇಳಿಕೊಡುವವರಿದ್ದಾರೆ. ಎರಡೂವರೆ ವರ್ಷದ ಚಿಕ್ಕವಳು ಎಲ್ಲದಕ್ಕೂ "ಬೇಡ" ಅನ್ನುತ್ತಾಳೆ, ನೆಲಕ್ಕೆ ಬಿದ್ದು ಹೊರಳಾಡುತ್ತಾಳೆ. ಅವಳಿಗೆ ಸಿಗುವುದು ಒಂದೇ: "ನೀನಾದ್ರೂ ಹೇಳಿದ ಮಾತು ಕೇಳಬಾರದಾ?"

ಇವತ್ತು ನಾನು ಆ ಚಿಕ್ಕವಳ ಪರವಾಗಿ ಬರೆಯುತ್ತಿದ್ದೇನೆ. ಎರಡು ವರ್ಷದ ಮಗು ಹಠ ಮಾಡುವುದು ಅದರ ವಯಸ್ಸಿನ ಕೆಲಸ. "ನಾನು ಬೇರೆ, ಅಮ್ಮ ಬೇರೆ" ಅನ್ನುವುದು ಈಗಷ್ಟೇ ತಿಳಿದಿರುತ್ತದೆ. ಆಸೆ ಬೆಟ್ಟದಷ್ಟು, ಮಾತು ಸ್ವಲ್ಪ. ಆಸೆಯನ್ನು ತಡೆದು ಹಿಡಿಯುವ ಮೆದುಳಿನ ಮುಂಭಾಗ ಪೂರ್ತಿ ಬೆಳೆಯೋದಕ್ಕೆ ಇಪ್ಪತ್ತು ವರ್ಷ ದಾಟಬೇಕು. ಕೆಲವು ಮಕ್ಕಳು ಹುಟ್ಟಿನಿಂದಲೇ ಇನ್ನೂ ಜಾಸ್ತಿ ಬಿಗಿ. 1956ರಲ್ಲಿ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ ಶಿಶುಗಳ ಸ್ವಭಾವ ನೋಡಲು ಶುರು ಮಾಡಿದರು. ವರ್ಷಗಟ್ಟಲೆ ಅದೇ ಮಕ್ಕಳನ್ನು ಗಮನಿಸುತ್ತಾ ಹೋದರು. ಸುಮಾರು 10 ಶೇಕಡಾ ಮಕ್ಕಳು ಮೊದಲಿನಿಂದಲೂ ಜೋರು ಸ್ವಭಾವದವರು ಅಂತ ಅವರಿಗೆ ಕಂಡಿತು. ಆ ಮಕ್ಕಳು ಮುಂದೆ ಹೇಗಾಗುತ್ತಾರೆ ಅನ್ನುವುದು ಸ್ವಭಾವಕ್ಕಿಂತ ಹೆಚ್ಚಾಗಿ, ಮನೆ ಆ ಸ್ವಭಾವಕ್ಕೆ ಎಷ್ಟು ಹೊಂದಿಕೊಂಡಿತು ಅನ್ನುವುದರ ಮೇಲಿದೆ ಅಂತಲೂ ಹೇಳಿದರು. ಅಣ್ಣನಿಗೋಸ್ಕರ ಇಡೀ ಮನೆಯೇ ಹೊಂದಿಕೊಂಡಿರುವಾಗ ತಂಗಿಗೆ ಹೊಂದಿಕೊಳ್ಳಲು ಯಾರಲ್ಲೂ ತ್ರಾಣ ಉಳಿದಿರುವುದಿಲ್ಲ. ತೊಂದರೆ ಅಲ್ಲಿದೆ.

ಮೊದಲು ನಿದ್ದೆಯ ವಿಷಯ ನೋಡೋಣ, ಯಾಕೆಂದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾದ ಮೇಲೆ ಮಕ್ಕಳನ್ನು ಕರೆದುಕೊಂಡು ದೂರದಿಂದ ಮೈಸೂರಿಗೆ ಬರುವುದು ಈ ಭಾಗದಲ್ಲಿ ರೂಢಿಯಾಗಿದೆ. ನನ್ನಲ್ಲಿಗೂ ಮದ್ದೂರು, ಮಂಡ್ಯ, ಪಾಂಡವಪುರದ ಕಡೆಯಿಂದ ಬೆಳಗಿನ ರೈಲಿಗೆ ಬರುವವರಿದ್ದಾರೆ. ಅಂಥ ದಿನ ಚಿಕ್ಕದನ್ನು ಐದು ಗಂಟೆಗೇ ಎಬ್ಬಿಸುತ್ತಾರೆ. ಅಣ್ಣನ ಸೆಷನ್ ಮುಗಿಯೋ ತನಕ ಅದು ಬೆಂಚಿನ ಮೇಲೆ ಕೂತಿರಬೇಕು. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಸ್ಟೇಷನ್ನಿನಲ್ಲಿ ಇರುತ್ತದೆ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರು ದಾಟಿದ ಮೇಲೂ 10ರಿಂದ 13 ಗಂಟೆ. ಆದ್ದರಿಂದ ಎರಡು ಗಂಟೆಗೆ ಪ್ಲಾಟ್‌ಫಾರ್ಮಿನಲ್ಲಿ "ಈ ಚಪ್ಪಲಿ ಬೇಡಾ" ಅಂತ ಕಿರುಚುವ ಮಗುವಿನ ಹಠದಲ್ಲಿ ಮುಕ್ಕಾಲು ಪಾಲು ನಿದ್ದೆಗೇಡು ಮತ್ತು ಹಸಿವು. ಸೆಷನ್ ಸಮಯ ಬದಲಾಯಿಸಿ ಅಂತ ಕೇಳಲು ಹಿಂಜರಿಯಬೇಡಿ. "ಚಿಕ್ಕವಳ ನಿದ್ದೆ ಹಾಳಾಗುತ್ತೆ" ಅನ್ನುವುದು ಪೂರ್ತಿ ನ್ಯಾಯವಾದ ಕಾರಣ. ಸಮಯ ಸಿಗದಿದ್ದರೆ ವಾರದಲ್ಲಿ ಒಂದು ದಿನವಾದರೂ ಅವಳನ್ನು ಮನೆಯಲ್ಲೇ ಬಿಟ್ಟು ಬರಲು ಆಗುತ್ತದಾ ನೋಡಿ.

ಇನ್ನು ಹಠದ ವಿಷಯ. ಒಂದು ಕುಟುಂಬದವರು ಮೊಬೈಲಿನಲ್ಲಿ ತೋರಿಸಿದ ವಿಡಿಯೋ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಏಳು ವರ್ಷದ ಅಣ್ಣ ಚಾಪೆಯ ಅಂಚಿನುದ್ದಕ್ಕೂ ಬಾಟಲಿ ಮುಚ್ಚಳಗಳನ್ನು ಸಾಲಾಗಿ ಇಡುತ್ತಿದ್ದಾನೆ, ನೀಲಿಯೆಲ್ಲ ಒಂದು ಕಡೆ, ಬಿಳಿಯೆಲ್ಲ ಒಂದು ಕಡೆ. ತಂಗಿ ಆಚೆ ಕೂತು ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಾಳೆ. ತುಂಬಾ ಹೊತ್ತು ಹೀಗೇ ನಡೆಯುತ್ತದೆ, ಯಾರೂ ಅವಳ ಕಡೆ ನೋಡುವುದಿಲ್ಲ. ಆಮೇಲೆ ಅವಳು ಎದ್ದು ಬರುತ್ತಾಳೆ. ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡುತ್ತಾಳೆ. ಸಾಲಿನ ನಡುವಿನಿಂದ ಒಂದೇ ಒಂದು ಮುಚ್ಚಳ ಎತ್ತಿಕೊಳ್ಳುತ್ತಾಳೆ. ಅಣ್ಣ ಚೀರಿ ಕಿವಿ ಬಡಿದುಕೊಳ್ಳುತ್ತಾನೆ, ಅಮ್ಮ ಒದ್ದೆ ಕೈಯಲ್ಲೇ ಓಡಿ ಬರುತ್ತಾಳೆ, ಅವನನ್ನು ತಬ್ಬಿಕೊಂಡು ರೂಮಿಗೆ ಕರೆದುಕೊಂಡು ಹೋಗುತ್ತಾಳೆ. ಹೋಗುವಾಗ ತಂಗಿಗೆ ಎರಡು ಬೈಗುಳ. ಅವಳು ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲೇ ನಿಂತಿರುತ್ತಾಳೆ.

ಇಲ್ಲಿ ಅವಳು ಕಲಿತದ್ದು ಏನು? ಸುಮ್ನೆ ಆಡಿಕೊಂಡಿದ್ದರೆ ಅಮ್ಮ ಬರುವುದಿಲ್ಲ. ಮುಚ್ಚಳ ಎತ್ತಿದರೆ ಅಮ್ಮ ಬರುತ್ತಾಳೆ, ಬೈಯಲಾದರೂ ಬರುತ್ತಾಳೆ. ಎರಡು ವರ್ಷದ ಮಗುವಿಗೆ ಇಷ್ಟು ಸಾಕು, ನಾಳೆಯೂ ಎತ್ತುತ್ತಾಳೆ.

ಹಾಗಾಗಿ ಅವಳು ಸುಮ್ಮನಿರುವಾಗಲೇ ಅವಳ ಹತ್ತಿರ ಹೋಗಿ. ಅಡುಗೆಮನೆಯಿಂದ ಹಾಲಿಗೆ ಬರುವಾಗ ಒಂದು ಕ್ಷಣ ಬಗ್ಗಿ "ಓ, ಸಾರು ಮಾಡ್ತಿದೀಯಾ, ನಂಗೂ ಸ್ವಲ್ಪ ಹಾಕು" ಅನ್ನಿ. ಅರ್ಧ ನಿಮಿಷದ ಕೆಲಸ. ದಿನಕ್ಕೆ ಎಷ್ಟು ಸಲ ಆಗುತ್ತೋ ಅಷ್ಟು ಸಲ ಮಾಡಿ. ಅಣ್ಣನ ಮುಚ್ಚಳಗಳನ್ನು ಅವಳ ಕೈಗೆ ಎಟುಕದ ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಇಟ್ಟು ಆಡಲು ಬಿಡಿ. ಜೊತೆಗೆ ಅಣ್ಣ ಮುಟ್ಟಬಾರದ ಡಬ್ಬಿ ಒಂದು ಅವಳಿಗೂ ಇರಲಿ. ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ. ಅವನ ವಸ್ತು ಅವಳು ಮುಟ್ಟಬಾರದು, ಅವಳ ವಸ್ತು ಅವನು ಕಿತ್ತುಕೊಂಡರೆ ಮಾತ್ರ "ಪಾಪ, ಅವನಿಗೆ ಗೊತ್ತಾಗಲ್ಲ" ಅಂದರೆ ಯಾವ ಮಗು ಒಪ್ಪುತ್ತದೆ? ಅವನಿಗೂ ಚಿತ್ರ ತೋರಿಸಿ ಕಲಿಸಬಹುದು, ನಿಧಾನವಾಗುತ್ತದೆ ಅಷ್ಟೇ.

ಆದರೂ ಅವಳು ಎತ್ತಿಕೊಂಡರೆ ಭಾಷಣ ಬೇಡ. "ಇದು ಅಣ್ಣಂದು" ಅಂತ ಹೇಳಿ ಕೈಯಿಂದ ತೆಗೆದು ವಾಪಸ್ ಇಡಿ, ಮುಗಿಯಿತು. ಮೊದಮೊದಲು ಹಠ ಇನ್ನೂ ಜೋರಾಗುತ್ತದೆ. ಹಳೇ ಉಪಾಯ ಯಾಕೆ ನಡೆಯುತ್ತಿಲ್ಲ ಅಂತ ಪರೀಕ್ಷಿಸುತ್ತಾಳೆ. ಆಗ ಕೈಬಿಟ್ಟರೆ ಜೋರಾಗಿ ಅತ್ತರೆ ಸಿಗುತ್ತದೆ ಅಂತ ಅವಳೇ ತಿಳಿದುಕೊಳ್ಳುತ್ತಾಳೆ.

ಇಬ್ಬರೂ ಕಿರುಚುತ್ತಾರೆ, ಆದರೆ ಎರಡೂ ಒಂದೇ ಅಲ್ಲ. ಆಟಿಸಂ ಇರುವ ಮಗುವಿಗೆ ಸದ್ದು, ಬೆಳಕು, ದಿಢೀರ್ ಬದಲಾವಣೆ ತಡೆಯಲಾರದಷ್ಟಾದಾಗ ತಲೆ ಕೆಡುತ್ತದೆ. ಆಗ ಯಾರು ನೋಡುತ್ತಿದ್ದಾರೆ ಅನ್ನುವುದು ಅವನಿಗೆ ಬೇಕಿಲ್ಲ, ಕೇಳಿದ್ದು ಕೊಟ್ಟರೂ ನಿಲ್ಲುವುದಿಲ್ಲ. ಮಾತು ಕಡಿಮೆ ಮಾಡಿ, ಮಿಕ್ಸಿ ಟಿವಿ ಆಫ್ ಮಾಡಿ, ಪಕ್ಕದಲ್ಲಿರಿ. ಚಿಕ್ಕವಳ ಹಠದಲ್ಲಿ ಸಾಮಾನ್ಯವಾಗಿ ಏನೋ ಒಂದು ಬೇಕಾಗಿರುತ್ತದೆ, ಅಳುವಿನ ನಡುವೆ ನಿಮ್ಮ ಮುಖ ನೋಡುತ್ತಾಳೆ. ಅಲ್ಲಿ ಪ್ರೀತಿಯಿಂದ ಹತ್ತಿರವೇ ಕೂತು, ಹೇಳಿದ ಮಾತಿಗೆ ಗಟ್ಟಿಯಾಗಿ ನಿಲ್ಲಬೇಕು.

ನಿಮಗೆ ಒಂದು ಅನುಕೂಲ ಇದೆ. ದೊಡ್ಡವನಿಗೋಸ್ಕರ ನೀವು ಕಲಿತದ್ದರಲ್ಲಿ ಬಹಳಷ್ಟು ಚಿಕ್ಕವಳಿಗೂ ನಡೆಯುತ್ತದೆ. ಗೋಡೆಗೆ ಅಂಟಿಸಿದ ಚಿತ್ರಗಳ ಪಟ್ಟಿ, "ಮೊದಲು ಚಪ್ಪಲಿ, ಆಮೇಲೆ ಜಾರುಬಂಡೆ" ಅನ್ನುವ ಚುಟುಕು ಮಾತು, ಪಾರ್ಕಿನಿಂದ ಹೊರಡುವ ಮುಂಚೆಯೇ "ಇನ್ನು ಎರಡು ಸಲ ಜಾರಿ ಮನೆಗೆ" ಅನ್ನುವ ಸೂಚನೆ, ಇವೆಲ್ಲ ಮಾತು ಕಡಿಮೆ ಇರುವ ಯಾವ ಮಗುವಿಗೂ ಸಹಾಯ. ಜೋರು ಸ್ವಭಾವದವಳಿಗೆ ಇನ್ನೊಂದು ಸೇರಿಸಿ: ಆಯ್ಕೆ. ಚಪ್ಪಲಿ ಹಾಕ್ಕೋತೀಯಾ ಅಂತ ಕೇಳಬೇಡಿ, ಉತ್ತರ "ಬೇಡ". ಕೆಂಪು ಚಪ್ಪಲಿನಾ, ಹಳದಿದಾ ಅಂತ ಕೇಳಿ. ಎಡ ಬಲ ಅದಲುಬದಲು ಹಾಕಿಕೊಂಡರೆ ಹಾಕಿಕೊಳ್ಳಲಿ, ನಡೆಯೋಕೆ ಆಗದಿದ್ದರೆ ತಾನೇ ಬದಲಿಸುತ್ತಾಳೆ.

ಅವಳೊಬ್ಬಳಿಗೇ ಅಂತ ದಿನಕ್ಕೆ ಒಂದು ಹತ್ತು ನಿಮಿಷ ಇರಲಿ. ಆ ಹೊತ್ತಿಗೆ ಅಣ್ಣನನ್ನು ಅಪ್ಪನೋ ತಾತನೋ ನೋಡಿಕೊಳ್ಳಲಿ. ಯಾವ ಆಟ ಅನ್ನುವುದು ಅವಳ ಇಷ್ಟ. "ಇದು ಯಾವ ಕಲರ್ ಹೇಳು" ಅಂತ ಪಾಠ ಬೇಡ. ಅವಳು ರಂಪ ಮಾಡಿದ ದಿನವೂ ಈ ಹತ್ತು ನಿಮಿಷ ತಪ್ಪಿಸಬೇಡಿ, ಇದು ಬಹುಮಾನ ಅಲ್ಲ.

ಅಜ್ಜಿಯಂದಿರ ಬಗ್ಗೆ ಒಂದು ಮಾತು. "ಸುಮ್ಕಿರು ಮಗ, ಅಣ್ಣಯ್ಯ ಅಲ್ವಾ, ಬುಟ್ಬುಡು" ಅನ್ನುವುದು ಅವರ ಪ್ರೀತಿಯೇ. ಆದರೆ ಬಿಟ್ಟುಕೊಡುವ ಸರದಿ ಯಾವಾಗಲೂ ಅವಳದ್ದೇ ಆದರೆ ಅಣ್ಣನ ಮೇಲೆ ಸಿಟ್ಟು ಒಳಗೇ ಬೆಳೆಯುತ್ತದೆ. ಅದರ ಬದಲು ನಿಜ ಹೇಳಿ: "ಅಣ್ಣನ ಕಿವಿಗೆ ಸದ್ದು ತುಂಬಾ ಜೋರಾಗಿ ಕೇಳುತ್ತೆ, ಅದಕ್ಕೇ ಅಳ್ತಾನೆ." ಅವಳಿಗೆ ಅಷ್ಟು ಅರ್ಥವಾಗುತ್ತದೆ. ಮುಂದೆ ನಾಲ್ಕೈದು ವರ್ಷಕ್ಕೆ "ನನ್ನಿಂದ ಹಿಂಗಾಯ್ತಾ, ನನಗೂ ಬರುತ್ತಾ" ಅನ್ನುವ ಭಯ ಕೆಲವು ಮಕ್ಕಳಲ್ಲಿ ಇರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ನೀವೇ ಹೇಳಿ: ಯಾರಿಂದಲೂ ಆಗಿದ್ದಲ್ಲ, ನೆಗಡಿ ತರ ಅಂಟುವುದೂ ಇಲ್ಲ.

ಇವಳಿಗೂ ಇರಬಹುದಾ ಅನ್ನುವ ಹೆದರಿಕೆ ಅಮ್ಮಂದಿರಿಗೂ ಇದೆ, ಅದಕ್ಕೆ ಕಾರಣವೂ ಇದೆ. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಆಟಿಸಂ ಇರುವ ಮಗುವಿನ ತಮ್ಮ ತಂಗಿಯರಲ್ಲಿ ಸುಮಾರು 20 ಶೇಕಡಾ ಮಂದಿಗೆ ಆಟಿಸಂ ಕಂಡುಬಂದಿತ್ತು. ಆದರೆ ಬರೀ ಹಠ ಅದರ ಗುರುತಲ್ಲ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ತೋರಿಸಿ "ಅಲ್ಲಿ ನೋಡು" ಅನ್ನದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಬೇಡ ಅಂತ ನಿಮ್ಮ ಮುಖ ನೋಡಿಕೊಂಡೇ ವಾದ ಮಾಡುವ ಮಗುವಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ.

ನನಗೆ ನಿಜವಾಗಿ ಸಂಕಟ ಆಗುವುದು ಬೇರೆ ಮಾತಿಗೆ. "ಮುಂದೆ ಅವನನ್ನ ನೋಡ್ಕೊಳ್ಳೋಕೇ ಅಂತ ಇವಳು ಹುಟ್ಟಿರೋದು" ಅಂತ ನೆಂಟರು ಮಗುವಿನ ಎದುರಿಗೇ ಹೇಳುತ್ತಾರೆ. ಇನ್ನೂ ಡೈಪರ್ ಬಿಡದ ಮಗುವಿನ ಮೇಲೆ ಇಡೀ ಜೀವಮಾನದ ಭಾರ. ಆ ಮಾತು ಬಂದಾಗ ಅಲ್ಲೇ ತಡೆಯಿರಿ. ಅಣ್ಣನ ನಾಳೆಗಾಗಿ ಮಾಡಬೇಕಾದ ಕೆಲಸ ಇದೆ, ಅದು ದೊಡ್ಡವರ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿ 21 ಬಗೆಯ ಅಂಗವೈಕಲ್ಯಗಳಿವೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥವು ಇರುವವರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಅದರಲ್ಲಿ ಪಾಲಿದೆ. ಮಗನಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರು ಬೇಕಾದರೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಇದನ್ನೆಲ್ಲ ನೀವು ಈಗಲೇ ತಿಳಿದಿಟ್ಟುಕೊಂಡರೆ ಅವಳು ಆರಾಮಾಗಿ ತಂಗಿಯಾಗಿಯೇ ಬೆಳೆಯಬಹುದು.

ಮುಂದಿನ ಸೆಷನ್ನಿಗೆ ಬರುವಾಗ ಒಂದು ವಾರ ಚಿಕ್ಕವಳು ಯಾವ ಹೊತ್ತಿಗೆ ಹಠ ಮಾಡಿದಳು, ಅದಕ್ಕೆ ಮುಂಚೆ ಊಟ ನಿದ್ದೆ ಆಗಿತ್ತಾ, ನೀವು ಆಗ ಯಾರ ಹತ್ತಿರ ಇದ್ದಿರಿ ಅನ್ನುವುದನ್ನು ಬರೆದು ತನ್ನಿ. ಅಣ್ಣನ ಫೈಲಿನಲ್ಲಿ ಬೇಡ, ಅವಳದ್ದೇ ಒಂದು ನೋಟ್‌ಬುಕ್ಕಿನಲ್ಲಿ. ಥೆರಪಿ ಮಾಡುವವರ ಹತ್ತಿರ ಕೊನೆಯ ಹತ್ತು ನಿಮಿಷ ಅವಳ ಬಗ್ಗೆ ಮಾತಾಡಲು ಕೇಳಿ.