ಡೀನೊ ದೆ ಲೌರೆಂತಿಸ್: ಕರಾರು ಮೊದಲು, ಕ್ಯಾಮೆರಾ ಆಮೇಲೆ

ಇಟಲಿಯ ಚಿತ್ರ ನಿರ್ಮಾಪಕ ಡೀನೊ ದೆ ಲೌರೆಂತಿಸ್ ಅಂದರೆ ಬಹಳ ಜನಕ್ಕೆ ನೆನಪಾಗುವುದು 1976ರ ‘ಕಿಂಗ್ ಕಾಂಗ್’. ಅದಕ್ಕಾಗಿ ಕಟ್ಟಿಸಿದ 40 ಅಡಿಯ ಯಾಂತ್ರಿಕ ಗೊರಿಲ್ಲ ಸರಿಯಾಗಿ ಅಲುಗಾಡದೆ, ತೆರೆಯ ಮೇಲೆ ಕೆಲವೇ ಸೆಕೆಂಡು ಉಳಿಯಿತು. ಉಳಿದದ್ದು ಬಹುಪಾಲು ಗೊರಿಲ್ಲ ವೇಷ ತೊಟ್ಟ ರಿಕ್ ಬೇಕರ್ ಕೆಲಸ. ಆದರೆ ಚಿತ್ರ ತೆಗೆಯುವ ಮೊದಲೇ ಅದನ್ನು ದೇಶದೇಶಕ್ಕೆ ಮಾರಿ ಹಣ ಎತ್ತುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಆತ ಮುಂಚೂಣಿಯಲ್ಲಿದ್ದ ಎಂಬುದೇ ನಿರ್ಮಾಪಕರಿಗೆ ಹೆಚ್ಚು ಮುಖ್ಯ.

ಹುಟ್ಟಿದ್ದು 1919ರಲ್ಲಿ, ನೇಪಲ್ಸ್ ಪಕ್ಕದ ತೊರ್ರೆ ಅನ್ನುನ್ಸಿಯಾತದಲ್ಲಿ. ಮನೆತನದ ಕಸುಬು ಪಾಸ್ತಾ ತಯಾರಿಕೆ. 1950ರಲ್ಲಿ ಇಟಲಿಯ ಇನ್ನೊಬ್ಬ ನಿರ್ಮಾಪಕ ಕಾರ್ಲೊ ಪೊಂತಿ ಜೊತೆ ಕಂಪನಿ ಕಟ್ಟಿದ. ಅವರ ಚಿತ್ರ ‘ಲಾ ಸ್ತ್ರಾದ’ ಆಸ್ಕರ್ ತಂದಿತು. ದುಡ್ಡಿನ ದಾರಿ ಬೇರೆ ಇತ್ತು: ಹಾಲಿವುಡ್ ತಾರೆಯರು, ‘ಯುಲಿಸೆಸ್’ಗೆ ಕರ್ಕ್ ಡಗ್ಲಸ್, ‘ವಾರ್ ಆ್ಯಂಡ್ ಪೀಸ್’ಗೆ ಆಡ್ರಿ ಹೆಪ್‌ಬರ್ನ್. ಹೊರದೇಶದ ಹಂಚಿಕೆದಾರ ಕಥೆಗಿಂತ ಮೊದಲು ಕೇಳುವುದು ನಟರ ಹೆಸರನ್ನು.

ಚಿತ್ರ ತೆಗೆಯುವ ಮೊದಲೇ ಮಾರುವ ಲೆಕ್ಕ ಹೀಗೆ. ಬಜೆಟ್ 1 ಕೋಟಿ ಡಾಲರ್ ಅಂದುಕೊಳ್ಳಿ. ಜರ್ಮನಿ, ಜಪಾನ್, ಫ್ರಾನ್ಸ್‌ನ ಹಂಚಿಕೆದಾರರು ಸೇರಿ ತಂತಮ್ಮ ದೇಶದ ಹಕ್ಕಿಗಾಗಿ 70 ಲಕ್ಷಕ್ಕೆ ಸಹಿ ಹಾಕುತ್ತಾರೆ. ಶೇ 20ರಷ್ಟು ಮುಂಗಡ ಬಂದರೆ ಕೈಯಲ್ಲಿ 14 ಲಕ್ಷ. ಬಾಕಿ 56 ಲಕ್ಷ ಚಿತ್ರ ಒಪ್ಪಿಸಿದ ಮೇಲಷ್ಟೆ. ಆ ಕರಾರುಗಳನ್ನೇ ಅಡವಿಟ್ಟು ಬ್ಯಾಂಕಿನಿಂದ ಸಾಲ. ಬಡ್ಡಿ, ಶುಲ್ಕ ಮೊದಲೇ ಮುರಿದುಕೊಳ್ಳುತ್ತಾರೆ, ಪಾವತಿಯಲ್ಲಿ ನಂಬಿಕೆ ಸಾಲದ ಹಂಚಿಕೆದಾರನ ಕರಾರಿಗೆ ಪೂರ್ತಿ ಬೆಲೆ ಕೊಡುವುದಿಲ್ಲ. ಚಿತ್ರ ಮುಗಿಸಿಕೊಡುವ ಖಾತರಿಪತ್ರವನ್ನೂ ಕೇಳುತ್ತಾರೆ. ನಮ್ಮ ಗಾಂಧಿನಗರದ ಏರಿಯಾ ವ್ಯಾಪಾರ (ಪ್ರದೇಶವಾರು ಹಕ್ಕಿನ ಮಾರಾಟ), ಮಿನಿಮಮ್ ಗ್ಯಾರಂಟಿ (ಹಂಚಿಕೆದಾರ ಒಪ್ಪುವ ಕನಿಷ್ಠ ಮೊತ್ತ) ಬಲ್ಲವರಿಗೆ ಇದರ ವಾಸನೆ ಹೊಸದಲ್ಲ.

ಎಡವುವುದು ಒಪ್ಪಿಸುವಾಗ. ಕರಾರಿನಲ್ಲಿ ಬರೆದ ನಟ ಇಲ್ಲದಿದ್ದರೆ, ಅವಧಿ ಮೀರಿದರೆ, ಡಬ್ಬಿಂಗಿಗೆ ಬೇಕಾದ ಮಾತಿಲ್ಲದ ಸಂಗೀತ ಮತ್ತು ಸದ್ದಿನ ಟ್ರ್ಯಾಕ್ ಕೊಡದಿದ್ದರೆ, ಹಕ್ಕು ಯಾರಿಂದ ಯಾರಿಗೆ ಬಂತೆಂದು ತೋರಿಸುವ ದಾಖಲೆಗಳಲ್ಲಿ ಕೊಂಡಿ ತಪ್ಪಿದ್ದರೆ, ಹಂಚಿಕೆದಾರ ಹಣ ತಡೆಹಿಡಿಯುತ್ತಾನೆ. ಬ್ಯಾಂಕಿನ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಇನ್ನೊಂದು ಪೆಟ್ಟು ಗೆದ್ದಾಗ ಬೀಳುವಂಥದ್ದು: ಹಕ್ಕು ಮಾರಿಯಾಗಿರುವುದರಿಂದ ಹೆಚ್ಚಿನ ಲಾಭ ಬಹುಪಾಲು ಕೊಂಡವನದು.

ಎಂಬತ್ತರ ದಶಕದಲ್ಲಿ ಡೀನೊ ಹಂಚಿಕೆಯನ್ನು ಬೇರೆಯವರಿಗೆ ಬಿಡುವ ಈ ಗೆರೆ ದಾಟಿದ. ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಸ್ಟುಡಿಯೊ ಕಟ್ಟಿ, ಅಮೆರಿಕದ ಹಂಚಿಕೆಯನ್ನೂ ತಾನೇ ಹೊತ್ತ. ಪ್ರಿಂಟು, ಜಾಹೀರಾತು ಎಲ್ಲ ಸ್ವಂತ ಖರ್ಚು; ಚಿತ್ರಗಳು ಒಂದರ ಹಿಂದೊಂದು ಸೋತವು. 1988ರಲ್ಲಿ ಕಂಪನಿ ಸಾಲ ಕೊಟ್ಟವರಿಂದ ಕೋರ್ಟಿನ ದಿವಾಳಿ ರಕ್ಷಣೆ ಕೇಳಿತು. ‘ಬ್ಲೂ ವೆಲ್ವೆಟ್’ನಂಥ ಒಳ್ಳೆಯ ಬಾಜಿಯೂ ಆಗಲೇ ನಡೆದದ್ದು: ಬಜೆಟ್ಟು, ಸಂಭಾವನೆ ಇಳಿಸಲು ಒಪ್ಪಿದ ನಿರ್ದೇಶಕ ಡೇವಿಡ್ ಲಿಂಚ್‌ಗೆ ಅಂತಿಮ ಸಂಕಲನದ ಅಧಿಕಾರ ಸಿಕ್ಕಿತು.

ಅದೇ ಕಾಲದ ‘ಮ್ಯಾನ್‌ಹಂಟರ್’ ಸೋತದ್ದಕ್ಕೆ ಬೇಸತ್ತು, ಅದರಲ್ಲಿದ್ದ ನರಭಕ್ಷಕ ಕೊಲೆಗಾರ ಹ್ಯಾನಿಬಲ್ ಲೆಕ್ಟರ್ ಪಾತ್ರವನ್ನು ಮುಂದಿನ ಚಿತ್ರ ‘ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್’ಗೆ ಬಳಸಲು ಓರಿಯನ್ ಕಂಪನಿಗೆ ಪುಕ್ಕಟೆ ಬಿಟ್ಟುಕೊಟ್ಟ. ಆ ಚಿತ್ರ ಐದು ಆಸ್ಕರ್ ಗೆದ್ದಿತು. ಆಮೇಲೆ ಅದೇ ಪಾತ್ರದ ‘ಹ್ಯಾನಿಬಲ್’ ಕಾದಂಬರಿಯ ಹಕ್ಕಿಗೆ ಆತ ತೆತ್ತದ್ದು 1 ಕೋಟಿ ಡಾಲರ್. 2001ರಲ್ಲಿ ಬಂದ ಆ ಚಿತ್ರ ಜಗತ್ತಿನಾದ್ಯಂತ 35 ಕೋಟಿ ಡಾಲರ್ ದಾಟಿತು.