ಅರ್ಧ ಗ್ಲಾಸ್ ಪೋರ್ಟ್ ವೈನ್ ಕುಡಿದರೆ ಬಸುರಿಗೆ ರಕ್ತ ಆಗುತ್ತಾ?

ಪ್ರಶ್ನೆ: ಗೋವಾದ ವಾಸ್ಕೋದಲ್ಲಿದ್ದೇನೆ, ಐದು ತಿಂಗಳ ಬಸುರಿ. ರಕ್ತ ಕಮ್ಮಿ ಇದೆಯಂತೆ. ರಾತ್ರಿ ಅರ್ಧ ಗ್ಲಾಸ್ ಪೋರ್ಟ್ ವೈನ್ ಕುಡಿ, ರಕ್ತ ಆಗುತ್ತೆ ಅಂತಾರೆ ಅತ್ತೆ. ಕುಡಿಯಬಹುದಾ?

ಉತ್ತರ: ಬೇಡ. ಅರ್ಧ ಗ್ಲಾಸೂ ಬೇಡ, ಒಂದು ಮುಚ್ಚಳವೂ ಬೇಡ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ನಿಮ್ಮ ವಾಸ್ಕೋದ ಬೈನಾದಲ್ಲೇ ನಮ್ಮ ಕನ್ನಡದವರ ಮನೆಯೊಂದರಲ್ಲಿ ಕಣ್ಣಾರೆ ನೋಡಿದ್ದೇನೆ. ಅಡುಗೆಮನೆ ಕಪಾಟಿನಲ್ಲಿ ಅರ್ಧ ಖಾಲಿಯಾದ ವೈನ್ ಬಾಟಲಿ, ಅದರ ಹಿಂದೆ ಕಬ್ಬಿಣದ ಮಾತ್ರೆಯ ಸ್ಟ್ರಿಪ್. ಒಂದು ಮಾತ್ರೆಯೂ ಒಡೆದಿರಲಿಲ್ಲ.

ವೈನ್ ಕೆಂಪು, ರಕ್ತವೂ ಕೆಂಪು. ಈ ನಂಬಿಕೆ ನಿಂತಿರುವುದು ಇಷ್ಟರ ಮೇಲೆ. ರಕ್ತ ಆಗಲು ಬೇಕಿರುವುದು ಬಣ್ಣ ಅಲ್ಲ, ಕಬ್ಬಿಣ. ಒಂದು ಗ್ಲಾಸ್ ವೈನಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇರಲ್ಲ. ಬಸುರಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆ ಒಂದರಲ್ಲೇ 60 ಮಿಲಿಗ್ರಾಂ ಇದೆ. ಮೇಲಾಗಿ ಕೆಂಪು ವೈನಿನ ಒಗರು ಊಟದಲ್ಲಿದ್ದ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ಚಹಾ ಕೂಡ ಹಾಗೇ. ಮಾತ್ರೆಯನ್ನು ನಿಂಬೆ ಶರಬತ್ತಿನ ಜೊತೆ ನುಂಗಿ. ಮಲ ಕಪ್ಪಗಾದರೆ ಹೆದರಬೇಡಿ.

"ಪೋರ್ಟ್ ಸಿಹಿ, ಅದೇನು ಸಾರಾಯಿಯಾ?" ಅಂತಾರೆ. ಸಿಹಿ ಇರೋದಕ್ಕೆ ಘಾಟು ಗೊತ್ತಾಗಲ್ಲ ಅಷ್ಟೇ. 150 ಮಿಲಿ ವೈನ್, 350 ಮಿಲಿ ಬಿಯರ್, 45 ಮಿಲಿ ಫೆನಿ, ಮೂರರಲ್ಲೂ ಆಲ್ಕೋಹಾಲ್ ಹೆಚ್ಚುಕಮ್ಮಿ ಒಂದೇ.

ತಾಯಿ ಕುಡಿದದ್ದು ಮಾಸು ದಾಟಿ ಮಗುವಿನ ರಕ್ತಕ್ಕೆ ಹೋಗುತ್ತದೆ. ಅದನ್ನು ಅರಗಿಸಲು ಮಗುವಿನ ಲಿವರ್ ಇನ್ನೂ ಬಲಿತಿರುವುದಿಲ್ಲ. ಮಗು ದಿನ ತುಂಬುವ ಮೊದಲೇ ಹುಟ್ಟಬಹುದು, ತೂಕ ಕಮ್ಮಿ ಇರಬಹುದು, ತಲೆ ಸಣ್ಣದಾಗಬಹುದು. ತಾಯಿಯ ಕುಡಿತ ವಿಪರೀತ ಇದ್ದರೆ ಕೂಸು ಹುಟ್ಟಿದ ಒಂದೆರಡು ದಿನದಲ್ಲೇ ನಡುಗಬಹುದು, ಮೊಲೆ ಸರಿಯಾಗಿ ಚೀಪದೆ ಇರಬಹುದು. ಮೂಗಿನ ಕೆಳಗಿನ ತೋಡು ಕಾಣದೆ, ಮೇಲ್ತುಟಿ ತೆಳ್ಳಗಿರುವ ಇಂಥ ಮಕ್ಕಳನ್ನು ಗಮನಿಸಿದ ಅಮೆರಿಕದ ವೈದ್ಯರು 1973ರಲ್ಲಿ ಇದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಎಷ್ಟೋ ಮಕ್ಕಳಿಗೆ ಮುಖದಲ್ಲಿ ಏನೂ ಕಾಣಲ್ಲ. ಶಾಲೆಗೆ ಹೋದಾಗ ಪಾಠ ನೆನಪಲ್ಲಿ ನಿಲ್ಲಲ್ಲ, ಕೂತಲ್ಲಿ ಕೂರಲಾಗಲ್ಲ, ಲೆಕ್ಕ ತಲೆಗೆ ಹತ್ತಲ್ಲ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ.

ಈಗಾಗಲೇ ಕುಡಿದಿದ್ದರೆ ಹೆದರಿ ಕೂರಬೇಡಿ. ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆರಿಗೆ ಆದ ಮೇಲೆ, ಮೈ ಬೆಚ್ಚಗಿರಲಿ ಅಂತ ಬಾಣಂತಿಗೆ ಬ್ರಾಂಡಿ ಕೊಡುವವರಿದ್ದಾರೆ. ಅದು ಎದೆಹಾಲಿಗೂ ಇಳಿಯುತ್ತದೆ. ಹಾಲು ಹಿಂಡಿ ಚೆಲ್ಲಿದರೆ ಹೋಗಲ್ಲ, ರಕ್ತದಲ್ಲಿ ಇಳಿದಾಗಲೇ ಹಾಲಿನಲ್ಲೂ ಇಳಿಯುವುದು. ಬಾಣಂತನಕ್ಕೆ ಬ್ರಾಂಡಿ ಬದಲು ಅಳವಿ ಪಾಯಸ ಮಾಡಿಕೊಡಿ ಅಂತ ಅತ್ತೆಯವರಿಗೆ ಈಗಲೇ ಹೇಳಿಡಿ.